ಹಪ್ಪಳದ ವೆಬ್‌ಸೈಟಿಗೆ ಬಂದವರೆಷ್ಟು?

ಯಾರು ಬಂದರು, ಯಾರು ಹೋದರು ಎಂಬುದನ್ನು ಯಾವ ಯಂತ್ರವೂ ಇಲ್ಲದೆ ಬಲ್ಲ ರಾಂಜಣಗಾಂವದ ಮಹಾಗಣಪತಿಗೆ ಮೊದಲು ಕೈಮುಗಿಯುತ್ತೇನೆ.

ನನ್ನದು ಪುಣೆಯಲ್ಲಿ ಅಂಗಡಿ, ಹೋಟೆಲುಗಳ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ. ಇದರಲ್ಲಿ ಎರಡು ಲೆಕ್ಕ ಒಂದಕ್ಕೊಂದು ಹೊಂದಿದ ದಿನವಿಲ್ಲ; ಅವನ ದಯೆಯಿಂದ ನಗು ಬಾರದ ದಿನವೂ ಇಲ್ಲ. ಇಲ್ಲಿನ ಕೋಥರೂಡ ಬಡಾವಣೆಯ ಒಂದು ಉಡುಪಿ ಹೋಟೆಲಿನ ಸಂಗತಿಯನ್ನಷ್ಟೇ ಹೇಳುತ್ತೇನೆ.

ಒಪ್ಪಿದವರು, ಒಪ್ಪದವರು

ಹೋಟೆಲು ಕುಂದಾಪುರ ಕಡೆಯ ಮಾಲೀಕರದು. ವೆಬ್‌ಸೈಟು ಅವರ ಹೆಂಡತಿಯದು; ಅವರನ್ನು ನಾನು ಅಕ್ಕ ಎನ್ನುತ್ತೇನೆ. ಅಕ್ಕ ಅದರಲ್ಲಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಮಾರುತ್ತಿದ್ದರು. ಎಷ್ಟು ಜನ ನೋಡುತ್ತಾರೆಂದು ತಿಳಿಯಲು ನಾನು ಎರಡು ಸಾಫ್ಟ್‌ವೇರ್ ಹಾಕಿದ್ದೆ. ಒಂದು ಮದುವೆ ಮನೆಯಷ್ಟು ಜನ ತೋರಿಸಿತು, ಇನ್ನೊಂದು ಸತ್ಯನಾರಾಯಣ ಪೂಜೆಗೆ ಸೇರುವಷ್ಟು.

“ಎಂತ ಮಾರಾಯ್ರೇ ಇದು? ದೀಪಾವಳಿವರೆಗೆ ನೋಡ್ತೇನೆ. ಜನ ಬರುವುದು ಸುಳ್ಳಾದ್ರೆ ವೆಬ್‌ಸೈಟು ಮುಚ್ಚುವ,” ಎಂದರು ಮಾಲೀಕರು. ಅಕ್ಕ ಹಪ್ಪಳದ ಡಬ್ಬಿಯ ಮುಚ್ಚಳವನ್ನು ಜೋರಾಗಿ ಸದ್ದಾಗುವಂತೆ ಮುಚ್ಚಿದರು.

ನಾನು ಸಮಾಧಾನ ಹೇಳಿದೆ. “ಸುಳ್ಳು ಯಾವುದೂ ಅಲ್ಲ ಅಣ್ಣಾರ. ಒಂದು, ಬಾಗಿಲು ತಟ್ಟಿದವರನ್ನೆಲ್ಲಾ ಎಣಸ್ತದ. ಇನ್ನೊಂದು, ಪುಟ ತೆರೆದಾಗ ಕೇಳೂದಕ್ಕ, ನನ್ನ ಎಣಸ್ರಿ ಅಂತ ಒಪ್ಪಿದವರನ್ನಷ್ಟ ಎಣಸ್ತದ.”

“ಹಾಗಾದ್ರೆ ನಾಳೆಯಿಂದ ನಾನೂ ಬಿಲ್ಲನ್ನು ಒಪ್ಪಿದವರಿಗೆ ಮಾತ್ರ ಕೊಡುವುದಾ?”

ಮೂರನೇ ಟೇಬಲ್ಲು

ದೊಡ್ಡ ಸಂಖ್ಯೆಯಲ್ಲಿ ಮನುಷ್ಯರಲ್ಲದವರೂ ಸೇರಿರುತ್ತಾರೆ ಎಂದು ಇನ್ನೊಂದು ದಿನ ಮಾಲೀಕರಿಗೆ ವಿವರಿಸಿದೆ. ಇಂಟರ್ನೆಟ್ ಹುಡುಕಾಟದ ಕಂಪನಿಗಳ ಯಂತ್ರಗಳು ಬಂದು ಪುಟಗಳನ್ನೆಲ್ಲ ಓದಿಕೊಂಡು ಹೋಗುತ್ತವೆ.

“ದಿನಾ ಬಂದು ಮೆನು ಪೂರಾ ಓದಿ, ಏನೂ ತಗೊಳ್ಳದೆ ಹೋಗ್ತಾವಾ?”

“ಹೌದ್ರಿ.”

“ಅಂಥವರು ನಮ್ಮ ಮೂರನೇ ಟೇಬಲ್ಲಿಗೆ ಸಹ ಬರ್ತಾರೆ. ನಾನು ಇಷ್ಟು ದಿನ ಮನುಷ್ಯರು ಅಂತಲೇ ನೀರು ಕೊಡ್ತಿದ್ದೆ.”

ಬಾರಾಮತಿಯ ಭಕ್ತರು

ನೋಡುವವರಲ್ಲಿ ಹೆಚ್ಚಿನವರು ಪುಣೆಯಿಂದ ದೂರದ ಬಾರಾಮತಿಯವರು ಎಂದು ಒಂದು ಸಾಫ್ಟ್‌ವೇರ್ ಹೇಳಿತು. ಮುಂಬೈಯವರು ಎಂದಿತು ಇನ್ನೊಂದು. ಬಾರಾಮತಿಗೆ ಹಪ್ಪಳ ಕಳಿಸುವ ವ್ಯವಸ್ಥೆ ಮಾಡಬೇಕು ಎಂದು ಅಕ್ಕ ಹಿಗ್ಗಿದರು. ನನಗೆ ಅನುಮಾನ. ಹೋಟೆಲಿನಲ್ಲೇ ಕೂತು ನನ್ನ ಮೊಬೈಲಿನಲ್ಲಿ ವೆಬ್‌ಸೈಟ್ ತೆರೆದೆ. ನಾನು ಬಾರಾಮತಿಯಲ್ಲಿದ್ದೇನೆ ಎಂದು ತೋರಿಸಿತು.

“ಮೊಬೈಲ್ ಕಂಪನಿಯ ಸಂಪರ್ಕ ಎಲ್ಲಿಂದ ಹಾದು ಬರ್ತದೋ ಆ ಊರು ತೋರಸ್ತದ ಅಕ್ಕಾರ. ಊರು ಖರೇ ಅಂತ ನಂಬಬ್ಯಾಡ್ರಿ,” ಎಂದೆ.

ಅಕ್ಕ ನಿಟ್ಟುಸಿರುಬಿಟ್ಟು ಒಳಗೆ ಹೋಗುತ್ತ ನನ್ನನ್ನೇ ನೋಡಿ ಕೇಳಿದರು: “ಹಾಗಾದ್ರೆ ಬಾರಾಮತಿಯಲ್ಲಿರುವವರಿಗೆ ಇಲ್ಲಿ ಊಟಕ್ಕೆ ಎಲೆ ಹಾಕ್ಬೇಕಾ, ಬೇಡವಾ?”

ಬೋಣಿ

ದೀಪಾವಳಿ ಹತ್ತಿರ ಬಂತು. ವಿಚಿತ್ರವೆಂದರೆ, ದಿನಾ ಬೆಳಿಗ್ಗೆ ಹೋಟೆಲು ತೆರೆಯುವ ಹೊತ್ತಿಗೆ ಒಂದು ಸಾಫ್ಟ್‌ವೇರ್ ಜನರ ಗುಂಪು ತೋರಿಸುತ್ತಿತ್ತು. ಅದೇ ಹೊತ್ತಿಗೆ ಇನ್ನೊಂದರಲ್ಲಿ ಒಂದು ನರಪಿಳ್ಳೆಯೂ ಇಲ್ಲ. “ಇದೊಂದು ಬಗೆಹರಿಸಿ ಕೊಡಿ, ಇಲ್ಲದಿದ್ರೆ ಇವರು ಮುಚ್ಚಿಯೇ ಬಿಡ್ತಾರೆ,” ಎಂದು ಅಕ್ಕ ಕಣ್ಣು ತುಂಬಿಕೊಂಡರು. ದೇವರ ಮೇಲೆ ಭಾರ ಹಾಕಿ, ಒಂದು ಬೆಳಿಗ್ಗೆ ಸ್ನಾನ ಸಂಧ್ಯೆ ಮುಗಿಸಿ ಹೇಳದೆ ಹೋಗಿ ನಿಂತೆ.

ಮಾಲೀಕರು ದೀಪ ಹಚ್ಚಿದರು. ಊದುಬತ್ತಿಯನ್ನು ದೇವರಿಗೆ, ಗಲ್ಲಾಪೆಟ್ಟಿಗೆಗೆ, ಆಮೇಲೆ ಲ್ಯಾಪ್‌ಟಾಪಿಗೂ ಬೆಳಗಿದರು. ನಂತರ ಅಡುಗೆಮನೆ ಕಡೆ ತಿರುಗಿ, “ಹ್ಞೂಂ, ಬನ್ನಿ,” ಎಂದರು. ದೋಸೆ ಭಟ್ಟರು, ಸಪ್ಲೈಯರುಗಳು, ತಟ್ಟೆ ತೊಳೆಯುವ ಕಲಬುರ್ಗಿಯ ಅಮ್ಮ, ಎಲ್ಲರೂ ಸಾಲಾಗಿ ನಿಂತು ತಮ್ಮ ತಮ್ಮ ಮೊಬೈಲಿನಲ್ಲಿ ಹಪ್ಪಳದ ಪುಟ ತೆರೆದು ಕಣ್ಣಿಗೊತ್ತಿಕೊಂಡರು.

“ಇದೇನ್ರಿ ಅಣ್ಣಾರ?”

ಮಾಲೀಕರು ನಾಚಿದರು. “ಬೋಣಿ ಆಗದೆ ಯಾವ ಅಂಗಡಿ ನಡೀತದೆ? ಅವಳದ್ದು ಮಾತ್ರ ಖಾಲಿ ಶುರುವಾಗುವುದು ಬೇಡ ಅಂತ.”

ಹಿಂದೆಯೇ ನಿಂತಿದ್ದ ಅಕ್ಕ, “ಮುಚ್ಚುತ್ತೇನೆ ಅಂತ ಹೆದರಿಸಿದವರು ಇವರೇ ಅಲ್ವಾ?” ಎಂದರು.

“ಬೋಣಿ ಕೊಟ್ಟ ಅಂಗಡಿಯನ್ನು ಯಾರಾದ್ರೂ ಮುಚ್ಚುತ್ತಾರಾ ಮಾರಾಯ್ತಿ?”

ನನಗೆ ಲೆಕ್ಕದ ಗಂಟು ಬಿಚ್ಚಿತು. “ನಮ್ಮವರು ಗಿರಾಕಿಗಳಲ್ಲ ಅಂತ, ಹೋಟೆಲಿನ ವೈ-ಫೈಯಿಂದ ನೋಡಿದವರನ್ನ ಬಿಟ್ಟು ಎಣಸು ಅಂತ ಒಂದು ಸಾಫ್ಟ್‌ವೇರ್‌ಗೆ ನಾನ ಹೇಳಿಟ್ಟೀನ್ರಿ. ನಿಮ್ಮ ಬೋಣಿ ಅದಕ್ಕ ಕಾಣೂದಿಲ್ಲ.”

ಮಾಲೀಕರು ಗಂಭೀರವಾಗಿ ಯೋಚಿಸಿದರು. ಆಮೇಲೆ ಸಾಲಿನ ಕಡೆ ತಿರುಗಿ ಹೇಳಿದರು:

“ಕೇಳಿದಿರಲ್ಲ, ನಾಳೆಯಿಂದ ಎಲ್ಲರೂ ರಸ್ತೆಗೆ ಹೋಗಿ ತೆರೆಯಿರಿ.”

ಇಷ್ಟು ಹೊತ್ತು ಕಿವಿಗೊಟ್ಟ ನಿಮ್ಮೆಲ್ಲರ ಮನೆಯ ಒಲೆ ಬೆಚ್ಚಗಿರಲಿ, ಬಡಿಸುವ ಕೈಗೆ ಆಯಾಸವಾಗದಿರಲಿ, ಆ ಗಜಾನನ ನಿಮ್ಮನ್ನು ನಗುನಗುತ್ತ ಇಟ್ಟಿರಲಿ.