ಪಾರ್ಸೆಲ್ ಕೌಂಟರಿನಲ್ಲಿ ಕುಳಿತುಕೊಳ್ಳುವ ಬಗ್ಗೆ

ಆಡಳಿತ ವಿಭಾಗ
ಉಪಾಹಾರ ಗೃಹ ಸಮೂಹ, ಮುಂಬಯಿ (ಘಾಟ್ಕೋಪರ್, ಬಾಂದ್ರಾ, ವಿಲೆ ಪಾರ್ಲೆ ಶಾಖೆಗಳು)

ಸುತ್ತೋಲೆ ಸಂಖ್ಯೆ: ಆವಿ/ಕುರ್ಚಿ/೦೧

ವಿಷಯ: ಗರ್ಭಿಣಿ ನೌಕರರಿಗೆ ಆಸನ ಹಾಗೂ ಇತರ ಅನುಕೂಲಗಳು.

ಉಲ್ಲೇಖ: ೧. ಶ್ರೀಮತಿ ಯಕ್ಷಿತಾ ಅವರ ಅರ್ಜಿ. ೨. ಅದೇ ಅರ್ಜಿ, ಎರಡನೇ ಸಲ. ೩. ಅದೇ ಅರ್ಜಿ, ಮೂರನೇ ಸಲ, ಸಾಂಬಾರಿನ ಕಲೆ ಸಹಿತ.

೧. ಘಾಟ್ಕೋಪರ್ ಶಾಖೆಯ ಪಾರ್ಸೆಲ್ ಕೌಂಟರಿನಲ್ಲಿ ಆರು ವರ್ಷಗಳಿಂದ ದುಡಿಯುತ್ತಿರುವ ಯಕ್ಷಿತಾ ಅವರು ಏಳನೇ ತಿಂಗಳಿಗೆ ಕಾಲಿಟ್ಟಾಗ ಆ ಕಾಲು ಚಪ್ಪಲಿಯೊಳಗೆ ಹೋಗದಷ್ಟು ಊದಿಕೊಂಡಿತ್ತು. ಕೂತವರ ಕೈ ನಿಧಾನವೆಂಬ ನಂಬಿಕೆಯಿಂದ ಸದರಿ ಕೌಂಟರಿಗೆ ಇದುವರೆಗೆ ಕುರ್ಚಿ ಒದಗಿಸಿರಲಿಲ್ಲ. ಆಕೆ ಕುರ್ಚಿ ಕೋರಿ ಅರ್ಜಿ ಸಲ್ಲಿಸಿದರು.

೨. ಶಾಖಾ ವ್ಯವಸ್ಥಾಪಕ ಶ್ರೀ ದೇವಾನಂದ ಅವರು ಎರಡು ಅರ್ಜಿಗಳಿಗೆ "ಮೇಲಿನವರನ್ನು ಕೇಳ್ಬೇಕು" ಎಂದೂ, ಮೂರನೆಯದಕ್ಕೆ "ಇಷ್ಟು ಕಷ್ಟ ಆದ್ರೆ ಮನೆಯಲ್ಲೇ ಆರಾಮ್ ಕರೋ ಮಾರಾಯ್ತಿ. ಒಂದು ರಾಜೀನಾಮೆ ಬರೆದಿಡು, ಮಗು ಆದ್ಮೇಲೆ ನೋಡುವ" ಎಂದೂ ಉತ್ತರಿಸಿರುತ್ತಾರೆ. ತರುವಾಯ ಯಕ್ಷಿತಾ ಅವರು ಕೈತೊಳೆಯುವ ಬೇಸಿನ್ ಬಳಿ ಎರಡು ನಿಮಿಷ ಅತ್ತಿರುವುದು, ಮುಖ ತೊಳೆದು ಬಂದು ಹನ್ನೊಂದು ಇಡ್ಲಿ ಪಾರ್ಸೆಲ್ ಕಟ್ಟಿರುವುದು ವಿಚಾರಣೆಯಿಂದ ದೃಢಪಟ್ಟಿದೆ. ಹನ್ನೆರಡನೆಯದನ್ನು ಕಟ್ಟುತ್ತಾ ಆಕೆ ಹೇಳಿದ್ದು: "ನಾನು ಕೇಳಿದ್ದು ಕುರ್ಚಿ ಅಣ್ಣಾ, ರಾಜೀನಾಮೆ ಅಲ್ಲ. ಬಸುರಿ ಅಂತ ಕೆಲಸದಿಂದ ತೆಗೀಲಿಕ್ಕಿಲ್ಲ. ಕಾನೂನು ಉಂಟು."

೩. ಕಾನೂನು ಎಂಬ ಪದ ಮಹಡಿಯ ಮೇಲಿನ ಈ ಕಚೇರಿಗೆ ಕೇಳಿಸಿದ್ದರಿಂದ, ಆಡಳಿತಾಧಿಕಾರಿ ಶ್ರೀ ಸತ್ಯಮೂರ್ತಿ ಅವರು ನಾಲ್ಕು ಪುಟದ ನಮೂನೆಯೊಂದಿಗೆ ಮರುದಿನ ಬೆಳಿಗ್ಗೆ ಎಂಟಕ್ಕೆ ಕೆಳಗಿಳಿದರು. ಮೊದಲ ಪ್ರಶ್ನೆ: ಕುರ್ಚಿಯ ಅಗತ್ಯಕ್ಕೆ ಪುರಾವೆ ಏನು? ಯಕ್ಷಿತಾ ಅವರು ನಮೂನೆಯನ್ನು ಕೈಗೆತ್ತಿಕೊಂಡು, "ಸರ್, ನೀವು ಒಂದು ಗಂಟೆ ಇಲ್ಲಿ ನಿಲ್ಲಿ. ನಾನು ಅಲ್ಲಿ ಕೂತು ಇದನ್ನು ತುಂಬಿಸ್ತೇನೆ" ಎಂದು ಗಿರಾಕಿಗಳ ಮೇಜಿನತ್ತ ನಡೆದರು. ಅಧಿಕಾರಿಗಳು ನಿಂತರು. ಇಪ್ಪತ್ತನೇ ನಿಮಿಷದಲ್ಲಿ ಚಪ್ಪಲಿ ಕಳಚಿದರು. ಮೂವತ್ತೆಂಟನೇ ನಿಮಿಷದಲ್ಲಿ ಇಡ್ಲಿ ಕೇಳಿದವರಿಗೆ ಉಪ್ಪಿಟ್ಟು ಕೊಟ್ಟು, "ಅಂಕಲ್, ಜಲ್ದಿ ಕರೋ ನಾ, ನನ್ನ ಲೋಕಲ್ ಟ್ರೇನ್ ಹೋಗ್ತದೆ" ಎಂದು ಬೈಸಿಕೊಂಡರು. ನಲವತ್ತಮೂರನೇ ನಿಮಿಷದಲ್ಲಿ ತೆಂಗಿನಕಾಯಿ ಮೂಟೆಯ ಮೇಲೆ ಕುಸಿದು ಕುಳಿತರು. ಸದರಿ ಅಧಿಕಾರಿಗಳು ಗರ್ಭಿಣಿಯಾಗಿರಲಿಲ್ಲವೆಂಬ ಅಂಶವನ್ನು ದಾಖಲಿಸಲಾಗಿದೆ. ಪುರಾವೆ ಸಾಕೆಂದು ಭಾವಿಸಿ ಅವರು ಮಹಡಿ ಹತ್ತಿ, ತಮ್ಮದೇ ಕುರ್ಚಿಯನ್ನು ತಾವೇ ಹೊತ್ತು ತಂದರು.

೪. ಆದ್ದರಿಂದ ಘಾಟ್ಕೋಪರ್ ಶಾಖೆಗೆ ಈ ಕೆಳಗಿನಂತೆ ಅಪ್ಪಣೆಯಾಗಿದೆ:

(ಅ) ಸದರಿ ಕುರ್ಚಿಯ ಮೇಲೆ ಚೀಲ, ಛತ್ರಿ, ಹೆಲ್ಮೆಟ್ ಇಡತಕ್ಕದ್ದಲ್ಲ. "ಹೇಗುಂಟು ನೋಡುವ" ಎಂದು ಕೂತು ನೋಡತಕ್ಕದ್ದಲ್ಲ.

(ಆ) ಇಂಗಿನ ವಾಸನೆ ಯಕ್ಷಿತಾ ಅವರಿಗೆ ಆಗದ ಕಾರಣ, ಅಡುಗೆಭಟ್ಟ ಶ್ರೀ ಸೀನ ಅವರು "ಒಗ್ಗರಣೆ!" ಎಂದು ಮೂರು ಬಾರಿ ಕೂಗತಕ್ಕದ್ದು. ಆಕೆ ಹೊರಬಾಗಿಲು ದಾಟುವ ತನಕ ಸಾಸಿವೆ ಸಿಡಿಯತಕ್ಕದ್ದಲ್ಲ.

(ಇ) ಪಪ್ಪಾಯಿ, ಗ್ರಹಣ, ಎಡ ಮಗ್ಗುಲು ಇತ್ಯಾದಿ ಕುರಿತ ಸಲಹೆಗಳನ್ನು ಗಿರಾಕಿಗಳು ಲಿಖಿತವಾಗಿ, ಎರಡು ಪ್ರತಿಗಳಲ್ಲಿ, ಸ್ವಂತ ಹೆರಿಗೆಯ ಅನುಭವ ಪತ್ರದೊಂದಿಗೆ ಸಲ್ಲಿಸತಕ್ಕದ್ದು. ಗಂಡಸರ ಸಲಹೆಗಳನ್ನು ತೆರೆಯದೆ ಹಿಂತಿರುಗಿಸಲಾಗುವುದು.

(ಈ) ಮಗು ಒದ್ದಾಗ ಬಿಲ್ಲಿಂಗ್ ಅರ್ಧ ನಿಮಿಷ ನಿಲ್ಲುವುದು. ಒದ್ದದ್ದು ನಿಜವೇ ಎಂದು ಪರಿಶೀಲಿಸುವ ಅಧಿಕಾರ ಈ ಕಚೇರಿಗೂ ಇಲ್ಲ.

೫. ಕಾನೂನಿನಂತೆ ಇಪ್ಪತ್ತಾರು ವಾರಗಳ ಸಂಬಳಸಹಿತ ರಜೆ ಮಂಜೂರಾಗಿದೆ. ಕೆಲಸ ಯಕ್ಷಿತಾ ಅವರದೇ ಆಗಿ ಉಳಿಯುವುದು. ಆದೇಶ ಓದಿ ಹೇಳಿದಾಗ ಆಕೆ ಕುರ್ಚಿಯಲ್ಲಿ ಕುಳಿತೇ ಮುಂದಿನ ಪಾರ್ಸೆಲಿಗೆ ದಾರ ಸುತ್ತಿದರು. ದೇವಾನಂದ ಅವರು ನೀರುಮಜ್ಜಿಗೆ ತಂದಿಟ್ಟು, "ತಪ್ಪಾಯ್ತು ಮಾರಾಯ್ತಿ" ಎಂದರು. "ಉಪ್ಪು ಕಮ್ಮಿ ಉಂಟು ಅಣ್ಣಾ" ಎಂದು ಆಕೆ ನಕ್ಕಿದ್ದನ್ನು ಕ್ಷಮೆಯೆಂದು ಪರಿಗಣಿಸಲಾಗಿದೆ.

೬. ಪ್ರಕರಣ ಮುಕ್ತಾಯಗೊಳಿಸುವಷ್ಟರಲ್ಲಿ, ಹತ್ತೊಂಬತ್ತು ವರ್ಷಗಳಿಂದ ಇದೇ ಶಾಖೆಯಲ್ಲಿ ಪಾತ್ರೆ ತೊಳೆಯುತ್ತಿರುವ ಶ್ರೀಮತಿ ಲಕ್ಷ್ಮವ್ವ ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಮೌಖಿಕ ಮನವಿ ಸಲ್ಲಿಸಿದರು: "ನಾ ಏನ್ ಬಸುರಿ ಅಲ್ರೀ ಸಾಹೇಬ್ರ. ಆದ್ರ ನನಗೂ ಕಾಲು ಅದಾವಲ್ರೀ?" ಸದರಿ ಕಾಲುಗಳು ಇರುವುದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿದೆ. ಪ್ರಯುಕ್ತ, ಮೂರೂ ಶಾಖೆಗಳಿಗೆ ಹದಿನಾಲ್ಕು ಸ್ಟೂಲುಗಳನ್ನು ತರಿಸಲಾಗಿದೆ.

ಸಹಿ/-
ಸತ್ಯಮೂರ್ತಿ
ಆಡಳಿತಾಧಿಕಾರಿ
(ಹೊಸ ಕುರ್ಚಿ ಬಾರದ ಕಾರಣ ನಿಂತೇ ಸಹಿ ಮಾಡಲಾಗಿದೆ)

ಪ್ರತಿಗಳು:
೧. ಶ್ರೀ ದೇವಾನಂದ ಅವರಿಗೆ, ಗೋಡೆಗೆ ಅಂಟಿಸಲು.
೨. ಶ್ರೀ ಸೀನ ಅವರಿಗೆ, ಒಲೆಯಿಂದ ದೂರವಿಡುವ ಷರತ್ತಿನ ಮೇಲೆ.
೩. ಶ್ರೀಮತಿ ಪುಟ್ಟಲಕ್ಷ್ಮಿ ಅವರಿಗೆ (ಆಡಳಿತಾಧಿಕಾರಿಗಳ ಪತ್ನಿ), ಮೊಣಕಾಲಿಗೆ ಎಣ್ಣೆ ಹಚ್ಚುವ ಕ್ರಮಕ್ಕಾಗಿ.
೪. ಶ್ರೀಮತಿ ಲಕ್ಷ್ಮವ್ವ ಅವರಿಗೆ. ಓದಿ ಹೇಳಲಾಗಿದೆ. ಕೇಳುವಾಗ ಅವರು ಕುಳಿತಿದ್ದರು.