ಹಲೋಪ್ಪನ ಬಿಸ್ಕತ್ತು ಪ್ರಯೋಗ

ಎಲ್ಲಕ್ಕೂ ಮೂಲ ಮೇಲಿನ ಮನೆಯ ತುತ್ತೂರಿ.

ಹಲೋಪ್ಪ ವರ್ತನಾ ಮನೋವಿಜ್ಞಾನ ಕಲಿಯಲು ಆನ್‌ಲೈನ್ ಕಾಲೇಜೊಂದಕ್ಕೆ ಅರ್ಜಿ ಹಾಕಿದ್ದ. ಪ್ರವೇಶ ಪರೀಕ್ಷೆಯನ್ನು ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಬರೆಯಬೇಕು, ಕ್ಯಾಮೆರಾ ಮೈಕು ಎರಡೂ ತೆರೆದಿರಬೇಕು. ಹೋದ ಭಾನುವಾರ ಅವನಿನ್ನೂ ತನ್ನ ಹೆಸರು ಬರೆಯುತ್ತಿದ್ದಾಗಲೇ ಮೇಲಿನ ಮನೆಯ ನಿವೃತ್ತ ಬ್ಯಾಂಡ್ ಮೇಷ್ಟ್ರು ತುತ್ತೂರಿ ಊದಿದರು. 'ಹೊರಗಿನವರ ನೆರವು ಪಡೆದ ಶಂಕೆ' ಎಂದು ಕಂಪ್ಯೂಟರು ಪರೀಕ್ಷೆಯನ್ನೇ ರದ್ದು ಮಾಡಿಬಿಟ್ಟಿತು. ತುತ್ತೂರಿಯಿಂದ ಯಾವ ಉತ್ತರ ಗೊತ್ತಾಗುತ್ತದೆ ಸ್ವಾಮಿ ಎಂದು ಅವನು ಕಾಲೇಜಿಗೆ ಬರೆದು ಕೇಳಿದ. ಇನ್ನೊಂದೇ ಒಂದು ಅವಕಾಶ ಕೊಡುತ್ತೇವೆ, ಈ ಭಾನುವಾರ ಸಂಜೆ ಆರಕ್ಕೆ; ಹೊರಗಿನ ಸದ್ದು ಬಂದರೂ, ನೀವು ಕುರ್ಚಿ ಬಿಟ್ಟು ಎದ್ದರೂ ಅಲ್ಲಿಗೆ ಮುಗಿಯಿತು ಎಂದು ಉತ್ತರ ಬಂತು.

ಅವನಿಗೆ ಈ ಓದಿನ ಹುಚ್ಚು ಹಿಡಿಯಲು ಕಾರಣವಿತ್ತು. ಲಿಫ್ಟು ರಿಪೇರಿ ಮಾಡುವ ಕಂಪನಿಯೊಂದರ ದೂರು ವಿಭಾಗದಲ್ಲಿ ಅವನ ಕೆಲಸ. ಎಲ್ಲೋ ಯಾರೋ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡರೆ ಬೈಗುಳ ಮೊದಲು ಬಂದು ಬೀಳುವುದು ಅವನ ಕಿವಿಗೆ, ಮೆಕ್ಯಾನಿಕ್ ಹೋಗುವುದು ಆಮೇಲೆ. ಬೀದಿಯಲ್ಲಿ ಯಾರದೋ ಫೋನು ಬಡಿದುಕೊಂಡರೂ ಅವನ ಬಾಯಿಂದ "ಹಲೋ, ದೂರು ವಿಭಾಗ, ನಿಮ್ಮ ತೊಂದರೆ ಏನು ಹೇಳಿ" ಎಂದು ತಾನೇ ತಾನಾಗಿ ಹೊರಡುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರನ್ನು ಕಟ್ಟಡದವರೆಲ್ಲ ಮರೆತು ಅವನನ್ನು ಹಲೋಪ್ಪ ಎಂದೇ ಕರೆಯುತ್ತಿದ್ದರು. ಜನರ ವರ್ತನೆ ಅರಿತವರಿಗೇ ಮೇಲ್ವಿಚಾರಕನ ಕುರ್ಚಿ ಎಂದು ಕಂಪನಿ ಈಗ ಹೊಸ ನಿಯಮ ತಂದಿತ್ತು. ಆ ಕುರ್ಚಿಯ ಮುಂದಿನ ಮೇಜಿನ ಮೇಲೆ ಫೋನು ಇರಲಿಲ್ಲ. ಹಲೋಪ್ಪ ಆಸೆಪಟ್ಟದ್ದು ಸಂಬಳಕ್ಕಲ್ಲ, ಫೋನಿಲ್ಲದ ಆ ಮೇಜಿಗೆ.

ಪರೀಕ್ಷೆಯ ತಯಾರಿಗೆಂದು ಕಾಲೇಜು ಮೊದಲ ಪಾಠವನ್ನು ಕಳಿಸಿತ್ತು. ಯಾವ ವರ್ತನೆಗೆ ಬಹುಮಾನ ಸಿಗುತ್ತದೋ ಆ ವರ್ತನೆ ಮರುಕಳಿಸುತ್ತದೆ ಎಂಬುದು ಅದರ ಸಾರ. ಭಾನುವಾರ ಬೆಳಿಗ್ಗೆ ಅದನ್ನು ಓದಿದ ಹಲೋಪ್ಪನಿಗೆ ಕತ್ತಲೆ ಕೋಣೆಯಲ್ಲಿ ಸ್ವಿಚ್ಚು ಸಿಕ್ಕಂತಾಯಿತು.

"ಮೇಷ್ಟ್ರು ಸುಮ್ಮನಾದ ಕೂಡ್ಲೇ ಬಿಸ್ಕತ್ತು ಕೊಟ್ರೆ ಆಯ್ತು. ಸಂಜೆ ಹೊತ್ತಿಗೆ ಸುಮ್ಮನಿರೋದೇ ಅವರಿಗೆ ಅಭ್ಯಾಸ ಆಗುತ್ತೆ," ಎಂದು ಹೆಂಡತಿಗೆ ಹೇಳಿದ.

"ಸಂಜೆ ಊದಬೇಡಿ ಅಂತ ಒಂದು ಮಾತು ಕೇಳಿದ್ರೆ ಆಗಲ್ವಾ?" ಎಂದಳು ಅವಳು.

"ಕೇಳೋಕೆ ಮನೋವಿಜ್ಞಾನ ಯಾಕೆ ಬೇಕು?" ಎಂದ ಹಲೋಪ್ಪ.

ಅಷ್ಟರಲ್ಲಿ ಮೇಲೆ ತುತ್ತೂರಿ ಶುರುವಾಯಿತು. ಹಲೋಪ್ಪ ಬಿಸ್ಕತ್ತಿನ ತಗಡಿನ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲ ಹಿಂದೆ ಹೊಂಚು ಹಾಕಿ ಕೂತ. ಮೇಷ್ಟ್ರು ಉಸಿರು ಎಳೆದುಕೊಳ್ಳಲು ನಿಲ್ಲಿಸಿದ್ದೇ ತಡ, ಮೆಟ್ಟಿಲು ಹತ್ತಿ ಓಡಿ, ಡಬ್ಬಿಯ ಮುಚ್ಚಳವನ್ನು ಟೊಪ್ಪೆಂದು ತೆಗೆದು ಅವರ ಮುಂದೆ ಹಿಡಿದ.

"ಏನ್ ವಿಶೇಷ ಹಲೋಪ್ನೋರೇ? ಯಾರ ಹುಟ್ಟಿದ ದಿನ?"

"ಏನೂ ಇಲ್ಲ ಮೇಷ್ಟ್ರೇ, ತಗೊಳ್ಳಿ," ಎಂದವನೇ ಇಳಿದು ಬಂದ. ಕಾರಣ ಹೇಳಿದರೆ ಪ್ರಯೋಗ ಕೆಡುತ್ತದೆ ಎಂದು ಪಾಠದಲ್ಲಿತ್ತು.

ಎದುರು ಮನೆಯ ಬಡಗಿ ಭಾನುವಾರಗಳಲ್ಲಿ ಮನೆಯಲ್ಲೇ ಕುರ್ಚಿ ಸ್ಟೂಲು ಮಾಡುತ್ತಿದ್ದ. ಅವನು ಮೊಳೆ ಹುಡುಕಲು ಸುತ್ತಿಗೆ ಕೆಳಗಿಟ್ಟಾಗ ಅವನಿಗೂ ಒಂದು ಬಿಸ್ಕತ್ತು ಸಿಕ್ಕಿತು. ಒಳಗಿನ ಕೋಣೆಯಲ್ಲಿ ಹಲೋಪ್ಪನ ತಾಯಿ ರೇಡಿಯೋವನ್ನು ಊರಿಗೆಲ್ಲ ಕೇಳುವಂತೆ ಹಾಕಿಕೊಂಡಿದ್ದರು. ಅವರು ಅದನ್ನು ಆರಿಸಿ ಸ್ನಾನಕ್ಕೆ ಎದ್ದಾಗ ಮಗ ಬಿಸ್ಕತ್ತು ಹಿಡಿದು ನಿಂತಿದ್ದ. ಮುದುಕಿಗೆ ಕಣ್ಣಲ್ಲಿ ನೀರೇ ಬಂತು. "ಇಷ್ಟು ವರ್ಷಕ್ಕೆ ಇವತ್ತು ಅಮ್ಮನ ನೆನಪಾಯ್ತೇನೋ ಮಗಾ," ಎಂದರು.

ಮಧ್ಯಾಹ್ನದ ಹೊತ್ತಿಗೆ ಪ್ರಯೋಗ ಅವನು ನೆನೆಸಿದ್ದಕ್ಕಿಂತ ಜೋರಾಗಿ ಫಲ ಕೊಟ್ಟಿತು. ಮೊದಲು ಒಂದೇ ಸಮನೆ ಊದುತ್ತಿದ್ದ ಮೇಷ್ಟ್ರು ಈಗ ಎರಡು ಸಲ ಪೀ ಪೀ ಎಂದು ಗಪ್ಪನೆ ನಿಲ್ಲಿಸುತ್ತಿದ್ದರು. ಹಲೋಪ್ಪ ಮೇಲೆ ಓಡುತ್ತಿದ್ದ. ಅವನು ಇಳಿಯುವ ಮೊದಲೇ ಬಡಗಿ ನಾಲ್ಕು ಏಟು ಹಾಕಿ ನಿಲ್ಲಿಸುತ್ತಿದ್ದ. ಅಲ್ಲಿಗೆ ಕೊಟ್ಟು ಒಳಗೆ ಬಂದರೆ ಅಮ್ಮ ರೇಡಿಯೋ ಹಾಕಿ ಆರಿಸಿ ಅಂಗೈ ಚಾಚಿರುತ್ತಿದ್ದರು.

"ನೋಡಿದ್ಯಾ?" ಎಂದ ಹಲೋಪ್ಪ ಏದುಸಿರು ಬಿಡುತ್ತ. "ಬೆಳಿಗ್ಗೆಗಿಂತ ಎಷ್ಟು ಸಲ ನಿಲ್ಲಿಸ್ತಿದಾರೆ!"

"ಅಷ್ಟು ಸಲ ನಿಲ್ಲಿಸ್ಬೇಕಾದ್ರೆ ಅಷ್ಟು ಸಲ ಶುರುನೂ ಮಾಡ್ಬೇಕಲ್ರೀ," ಎಂದಳು ಹೆಂಡತಿ.

"ನೀನು ಪಾಠ ಓದಿಲ್ಲ. ಸುಮ್ನಿರು."

ಅವಳು ಸುಮ್ಮನಾದಳು. ಹಲೋಪ್ಪನ ಕೈ ಡಬ್ಬಿಯೊಳಗೆ ಹೋಗಿ ಅವಳಿಗೂ ಒಂದು ಬಿಸ್ಕತ್ತು ತಂದುಕೊಟ್ಟಿತು. ಅವಳು ಬಿಸ್ಕತ್ತನ್ನೂ ಗಂಡನನ್ನೂ ಸ್ವಲ್ಪ ಹೊತ್ತು ನೋಡಿ, "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ," ಎಂದು ತಿಂದಳು.

ಊಟಕ್ಕೆ ಕೂತರೆ ತುತ್ತು ಬಾಯಿಗೆ ಹೋಗಲಿಲ್ಲ. ಹೊರಗೆ ಸದ್ದು ನಿಂತಿತು ಎಂದರೆ ಸಾಕು, ತಟ್ಟೆ ಬಿಟ್ಟು ಎಂಜಲು ಕೈಯಲ್ಲೇ ಡಬ್ಬಿ ಹಿಡಿದು ಓಡುತ್ತಿದ್ದ. ಒಮ್ಮೆ ಅಡುಗೆಮನೆಯ ಫ್ರಿಜ್ಜು ಗುಂಯ್‌ಗುಡುವುದನ್ನು ನಿಲ್ಲಿಸಿದಾಗಲೂ ಎದ್ದು ಅದರ ಮುಂದೆ ಹೋಗಿ ನಿಂತ. ನೀರು ಕುಡಿಯಲು ಎದ್ದಿರಬೇಕು ಎಂದುಕೊಂಡಳು ಹೆಂಡತಿ.

ಮೂರರ ಹೊತ್ತಿಗೆ ಬಾಗಿಲ ಹೊರಗೇ ತುತ್ತೂರಿ ಕೇಳಿತು. ಹಲೋಪ್ಪ ತೆರೆದು ನೋಡಿದರೆ ಮೇಷ್ಟ್ರು ಸ್ಟೂಲು ಹಾಕಿಕೊಂಡು ಕೂತಿದ್ದಾರೆ.

"ಪಾಪ, ಹತ್ತಿ ಇಳಿದು ನಿಮಗೆ ಮಂಡಿ ನೋವು ಬಂದಿರುತ್ತೆ. ಪ್ರತಿ ಸಲ ಮೆಟ್ಟಿಲು ಯಾಕೆ ಹತ್ಬೇಕು ಅಂತ ನಾನೇ ಕೆಳಗೆ ಬಂದೆ," ಎಂದರು ಬಹಳ ಪ್ರೀತಿಯಿಂದ.

ಸ್ಟೂಲು ಬಡಗಿಯದು. ಅವನೂ ಪಕ್ಕದಲ್ಲೇ ಇದ್ದ, ಕೈಯಲ್ಲಿ ಸುತ್ತಿಗೆ ಇತ್ತು, ಮರ ಇರಲಿಲ್ಲ. ಮೆಟ್ಟಿಲ ಕಟಕಟೆಗೆ ಎರಡು ಏಟು ಕೊಟ್ಟು ನಿಲ್ಲಿಸಿ ಡಬ್ಬಿಯ ಕಡೆ ನೋಡಿದ.

"ನಿಮ್ಮ ಕೆಲಸ?" ಎಂದು ಹಲೋಪ್ಪ ಕ್ಷೀಣವಾಗಿ ಕೇಳಿದ.

"ಅದೆಲ್ಲಿ ಹೋಗುತ್ತೆ ಸಾರ್, ನಾಳೆ ಮಾಡಿದ್ರಾಯ್ತು. ಆ ಕ್ರೀಮ್ ಇರೋದು ಖಾಲಿ ಆಯ್ತಾ?"

ಖಾಲಿಯಾಗಿತ್ತು. ಹೆಂಡತಿ ಅಂಗಡಿಗೆ ಹೋಗಿ ಮತ್ತೆರಡು ಪೊಟ್ಟಣ ತಂದು ಡಬ್ಬಿಗೆ ಸುರಿದಳು. ಹೊತ್ತು ಇಳಿಯುತ್ತ ಬಂದರೂ ಸದ್ದು ಇಳಿಯಲಿಲ್ಲ. ಪೀ, ಟೊಪ್, ಠಕ್ ಠಕ್, ಟೊಪ್, ಹಲೋಪ್ಪನ ಅಂಗಿ ಬೆವರಿಗೆ ಬೆನ್ನಿಗಂಟಿತು. ಸಂಜೆ ಐದೂವರೆಗೆ ಅವನು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕುಸಿದು ಕೂತ. ನಾಳೆಯ ಬೈಗುಳ, ನಾಡಿದ್ದಿನ ಬೈಗುಳ, ನಿವೃತ್ತಿಯವರೆಗಿನ ಬೈಗುಳ ಒಟ್ಟಿಗೆ ಕಿವಿಯಲ್ಲಿ ಕೇಳಿದ ಹಾಗಾಗಿ ಅವನಿಗೆ ಅಳು ಬಂತು.

ಅದನ್ನು ನೋಡಲಾಗದೆ ಹೆಂಡತಿ ಎದ್ದಳು. ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು.

"ಮೇಷ್ಟ್ರೇ, ಆರಕ್ಕೆ ಇವರಿಗೆ ಪರೀಕ್ಷೆ ಇದೆ. ಒಂದು ಗಂಟೆ ಸದ್ದು ಮಾಡ್ಬೇಡಿ, ದಯವಿಟ್ಟು. ನೀವೂ ಅಷ್ಟೇ ಅಣ್ಣ."

"ಅಯ್ಯೋ, ಅಷ್ಟೇನಾ?" ಎಂದರು ಮೇಷ್ಟ್ರು. "ಬೆಳಿಗ್ಗೆನೇ ಒಂದು ಮಾತು ಹೇಳ್ಬಾರ್ದಿತ್ತೇನಮ್ಮ? ನಾನು ಇಡೀ ದಿನ ಮುಟ್ತಿರ್ಲಿಲ್ಲ."

ತುತ್ತೂರಿ ಪೆಟ್ಟಿಗೆ ಸೇರಿತು, ಸುತ್ತಿಗೆ ಚೀಲ ಸೇರಿತು. ಅಮ್ಮ ರೇಡಿಯೋದ ವಯರನ್ನೇ ಕಿತ್ತು, ತಾವೂ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಬೇರೆ ಯಾರೂ ಆ ಕಡೆ ಸುಳಿದು ಸದ್ದು ಮಾಡದ ಹಾಗೆ ಮೂವರೂ ಕಾವಲು ಕಾಯುತ್ತೇವೆಂದರು.

ಆರಕ್ಕೆ ಹಲೋಪ್ಪ ಮುಖ ತೊಳೆದು, ತಲೆ ಬಾಚಿ, ಡಬ್ಬಿಯನ್ನು ಮೇಜಿನ ಕೆಳಗೆ ತಳ್ಳಿ, ಖಾಲಿ ಗೋಡೆಗೆ ಬೆನ್ನು ಮಾಡಿ ಕೂತ. ಪರದೆಯ ಮೇಲೆ ಕನ್ನಡಕ ಹಾಕಿದ ಪರೀಕ್ಷಾ ಮೇಲ್ವಿಚಾರಕಿಯೊಬ್ಬರು ಬಂದರು.

"ಕುರ್ಚಿಯಿಂದ ಏಳೋ ಹಾಗಿಲ್ಲ. ಗೊತ್ತಲ್ಲ?"

"ಗೊತ್ತು ಮೇಡಂ. ಸಿಡಿಲು ಬಡಿದ್ರೂ ಏಳಲ್ಲ," ಎಂದ ಹಲೋಪ್ಪ.

ಮೊದಲ ಪ್ರಶ್ನೆ ತೆರೆದುಕೊಂಡಿತು. ಬಹುಮಾನ ಸಿಗುವ ವರ್ತನೆ ಏನಾಗುತ್ತದೆ, ನಿಮ್ಮ ಅನುಭವದ ಉದಾಹರಣೆಯೊಂದಿಗೆ ವಿವರಿಸಿ. ಹಲೋಪ್ಪನಿಗೆ ನಗು ತಡೆಯಲಾಗಲಿಲ್ಲ. ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು ಎಂದರೆ ಇದೇ. ಇವತ್ತು ಇಡೀ ದಿನ ಪಟ್ಟ ಪಾಡೆಲ್ಲ ಉತ್ತರವಾಗಿ ಬೆರಳ ತುದಿಗೆ ಬಂದು ನಿಂತಿತು. ಅವನು ಸರಸರನೆ ಬರೆಯತೊಡಗಿದ.

ಹೊರಗೆ ಮೆಟ್ಟಿಲ ಮೇಲೆ ಮೂವರೂ ಪಿಸುಪಿಸು ಮಾತಾಡುತ್ತಿದ್ದರು. ಆ ಪಿಸುಮಾತೂ ಒಳಗೆ ಕೇಳಿಸೀತೇನೋ ಎಂದು ಬಡಗಿ ತುಟಿಯ ಮೇಲೆ ಬೆರಳಿಟ್ಟ. ಮೂವರೂ ಬಾಯಿ ಮುಚ್ಚಿದರು. ಕಟ್ಟಡದಲ್ಲಿ ಒಂದು ಸೊಲ್ಲೂ ಇರಲಿಲ್ಲ.

ಹಲೋಪ್ಪನ ಬೆರಳುಗಳು ನಿಂತವು. ಮಂಡಿ ತಾನಾಗಿ ಮೇಲಕ್ಕೆದ್ದಿತು. ಕೈ ಮೇಜಿನ ಕೆಳಗಿದ್ದ ಡಬ್ಬಿಯನ್ನು ಹುಡುಕಿ ಹಿಡಿದುಕೊಂಡಿತು. ಕಾಲು ಬಾಗಿಲ ಕಡೆ ನಡೆಯಿತು. ಬಾಗಿಲು ತೆರೆದು, ಮುಚ್ಚಳವನ್ನು ಟೊಪ್ಪೆಂದು ತೆಗೆದು ಡಬ್ಬಿ ಮುಂದೆ ಚಾಚಿದ ಮೇಲೆಯೇ ಹಲೋಪ್ಪನಿಗೆ ತಾನೆಲ್ಲಿ ನಿಂತಿದ್ದೇನೆ ಎಂಬುದು ತಿಳಿದದ್ದು.

ಹಿಂದೆ ಪರದೆಯಿಂದ ಮೇಲ್ವಿಚಾರಕಿಯ ದನಿ ಕೇಳಿಸಿತು. "ಅಭ್ಯರ್ಥಿ ಕುರ್ಚಿ ಬಿಟ್ಟು ಎದ್ದಿದ್ದಾರೆ. ಪರೀಕ್ಷೆ ರದ್ದಾಗಿದೆ."

"ಇಷ್ಟು ಬೇಗ ಮುಗೀತಾ ಮಗಾ?" ಎಂದು ಅಮ್ಮ ಸಂತೋಷದಿಂದ ಒಂದು ಬಿಸ್ಕತ್ತು ತೆಗೆದುಕೊಂಡರು. "ಸಣ್ಣೋನಿದ್ದಾಗಿಂದ್ಲೂ ಬುದ್ಧಿವಂತ ಇವನು."

ಬಡಗಿ ಮೇಷ್ಟ್ರ ಕಡೆ ತಿರುಗಿದ. "ನಾನು ಹೇಳ್ಲಿಲ್ವಾ ಮೇಷ್ಟ್ರೇ? ನಾವು ಸುಮ್ಮನಾದ್ರೆ ಸಾಕು, ಪರೀಕ್ಷೆ ಬಿಟ್ಟಾದ್ರೂ ಎದ್ದು ಬರ್ತಾರೆ ಅಂತ. ಬೆಳಿಗ್ಗೆಯಿಂದ ಒಂದು ಸಲಾನೂ ತಪ್ಪಿಲ್ಲ."

ಒಳಗೆ ಫೋನು ಬಡಿದುಕೊಂಡಿತು. ಹಲೋಪ್ಪ ಡಬ್ಬಿ ಹಿಡಿದ ಹಾಗೇ ಹೋಗಿ ಎತ್ತಿದ.

"ಹಲೋ, ದೂರು ವಿಭಾಗ, ನಿಮ್ಮ ತೊಂದರೆ ಏನು ಹೇಳಿ."

"ಕಾಲೇಜಿಂದ ಮಾತಾಡ್ತಿದೀನಿ," ಎಂದರು ಆ ಕಡೆಯಿಂದ ಮೇಲ್ವಿಚಾರಕಿ. "ಯಾಕೆ ಎದ್ರಿ ಅಂತ ಬರ್ಕೊಬೇಕಿತ್ತು. ಬಿಡಿ, ಅಭ್ಯಾಸಬಲ ಅಂತ ಗೊತ್ತಾಯ್ತು."

ಆಮೇಲೆ ಅವರು ಸುಮ್ಮನಾದರು. ಹಲೋಪ್ಪ ಡಬ್ಬಿಯಿಂದ ಒಂದು ಬಿಸ್ಕತ್ತು ತೆಗೆದು ಫೋನಿನ ಮುಂದೆ ಹಿಡಿದ.