ಹರಿದ ಕಿವಿಯ ಮೂಸ್ ಮಹಾಶಯರಿಗೆ

ಸ್ಕಿಲೆಟ್ ಕೋವ್, ನ್ಯೂಫೌಂಡ್‌ಲ್ಯಾಂಡ್
ಪವಿತ್ರ ಶಿಲುಬೆಯ ಹಬ್ಬದ ಮಾರನೆಯ ದಿನ

ಮಾನ್ಯರೇ,

ಹೆದ್ದಾರಿಯ ಕೊನೆಯ ತಿರುವಿನಾಚೆ ಜೌಗು ನೆಲದಲ್ಲಿ ಖಾಯಂ ವಾಸವಾಗಿರುವ, ಕುದುರೆಗಿಂತ ಎತ್ತರದ, ಸಲಿಕೆಯಂತೆ ಅಗಲವಾದ ಕೊಂಬುಗಳುಳ್ಳ, ಕಡವೆಗಳ ಕುಲಕ್ಕೆಲ್ಲ ಹಿರಿಯರಾದ ತಮಗೆ, ಅದೇ ತಿರುವಿನ ಈಚೆ ವಾಸವಾಗಿರುವ ಬರ್ನಡೆಟ್ ಕರೀನ್ ಮಾಡುವ ನಮಸ್ಕಾರಗಳು. ದೇವರ ದಯೆಯಿಂದ ನಾವು ಇಲ್ಲಿ ಕ್ಷೇಮ. ತಾವು ಕ್ಷೇಮವೋ ಎಂದು ಕೇಳುವ ಅಗತ್ಯ ಬೀಳಲಿಲ್ಲ; ನನ್ನ ಕೋಸಿನ ಪಾತಿಯನ್ನು ನೋಡಿದಾಗಲೇ ತಮ್ಮ ಹಸಿವು, ಹಲ್ಲು, ಜೀರ್ಣಶಕ್ತಿ ಎಲ್ಲವೂ ಚೆನ್ನಾಗಿವೆ ಎಂಬುದು ಮನದಟ್ಟಾಗಿ ಸಂತೋಷವಾಯಿತು.

ತಮ್ಮ ಮೇಲೆ ನನಗೆ ಯಾವ ದ್ವೇಷವೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ದ್ವೇಷ ಪಾಪವೆಂದು ಊರ ಶಾಲೆಯಲ್ಲಿ ಸಿಸ್ಟರುಗಳು ಬೆತ್ತ ಹಿಡಿದು ಕಲಿಸಿದ್ದಾರೆ. ಹಾಗೆಂದೇ ಪಾಪನಿವೇದನೆಗೆ ಹೋದಾಗಲೆಲ್ಲ ತಮ್ಮ ವಿಷಯವನ್ನೇ ಹೇಳಿಕೊಂಡು ಬಂದಿದ್ದೇನೆ. ಈಚೆಗೆ ಫಾದರ್ ಜಾಲರಿಯ ಆ ಕಡೆಯಿಂದ ನಿಟ್ಟುಸಿರು ಬಿಟ್ಟು, "ಬರ್ನಡೆಟ್, ಆ ಮೂಸ್ ಬಿಟ್ಟು ಈ ವಾರ ಬೇರೆ ಏನೂ ಪಾಪ ಮಾಡ್ಲಿಲ್ವೇನಮ್ಮ?" ಎಂದರು. ಬಿಡುವಾಗಲಿಲ್ಲ ಎಂದೆ.

ತಮಗೆ ನೆನಪಿದೆಯೋ ಇಲ್ಲವೋ, ಹೋದ ವರ್ಷ ನವೆಂಬರಿನಲ್ಲಿ, ಸಕಲ ಸಂತರ ಹಬ್ಬದ ವಾರ ಕತ್ತಲು ಕವಿಯುವ ಹೊತ್ತಿಗೆ ತಾವು ಆ ತಿರುವಿನಲ್ಲಿ ರಸ್ತೆಯ ನಟ್ಟನಡುವೆ ನಿಂತು ಏನನ್ನೋ ಯೋಚಿಸುತ್ತಿದ್ದಿರಿ. ನನ್ನ ಗಂಡ ಗಸ್, ನಮ್ಮ ಒಬ್ಬಳೇ ಮಗಳು ಮಾರ್ಸೀಯನ್ನು ವಾಲಿಬಾಲ್ ಅಭ್ಯಾಸದಿಂದ ಪಿಕಪ್ಪಿನಲ್ಲಿ ಮನೆಗೆ ಕರೆತರುತ್ತಿದ್ದ. ತಮ್ಮ ಯೋಚನೆಗೆ ಭಂಗ ತರಬಾರದೆಂದು ಅವನು ಗಾಡಿ ಹೊರಳಿಸಿದ. ಗಾಡಿ ಚರಂಡಿ ದಾಟಿ ಬಂಡೆಗೆ ಹೊಡೆಯಿತು. ಗಸ್‌ಗೆ ಹೆಗಲಿನ ಮೂಳೆ ಮುರಿಯಿತು. ಹದಿನಾರು ತುಂಬಿದ ಮಾರ್ಸೀಯ ತಲೆಗೆ ಪೆಟ್ಟು ಬಿದ್ದು, ಪಟ್ಟಣದ ಆಸ್ಪತ್ರೆಯಲ್ಲಿ ಕ್ರಿಸ್ತಜಯಂತಿಗೆ ಸ್ವಲ್ಪ ಮುಂಚಿನವರೆಗೂ ಕಣ್ಣು ತೆರೆಯಲಿಲ್ಲ. ತಮಗಾದ ನಷ್ಟವನ್ನೂ ಮರೆಯುವ ಹಾಗಿಲ್ಲ: ಪಕ್ಕದ ಕನ್ನಡಿ ತಗುಲಿ ಎಡಗಿವಿಯ ಒಂದು ಚೂರು ಹೋಯಿತು. "ನಾನು ರಕ್ತ ಒರೆಸ್ಕೊಂಡು ತಿರುಗಿ ನೋಡ್ತೀನಿ ಕಣೇ, ಬಸ್ಸಿಗೆ ಕಾಯೋರ ಹಾಗೆ ನಿಂತಿತ್ತು," ಎಂದು ಗಸ್ ಈಗಲೂ ಹೇಳುತ್ತಾನೆ. ಅಷ್ಟು ತಾಳ್ಮೆ ನಮ್ಮಲ್ಲಿ ಎಷ್ಟು ಜನರಿಗಿದೆ? ತಮ್ಮ ಮುತ್ತಾತಂದಿರನ್ನು ಯಾರೋ ಹಡಗಿನಲ್ಲಿ ತಂದು ಈ ದ್ವೀಪಕ್ಕೆ ಬಿಟ್ಟರಂತೆ. ನಮ್ಮವರೂ ಹಡಗಿನಲ್ಲೇ ಬಂದವರು. ಆದರೆ ಬಂದವರೆಲ್ಲ ರಸ್ತೆಯ ನಡುವೆ ನಿಲ್ಲಲಿಲ್ಲ ಎಂಬುದನ್ನು ವಿನಯದಿಂದ ತಮ್ಮ ಗಮನಕ್ಕೆ ತರುತ್ತೇನೆ.

ಈಸ್ಟರ್ ಕಳೆದ ಮೇಲೆ ಮಗಳನ್ನು ಮನೆಗೆ ಕರೆತಂದೆವು. ಹೋದ ಹುಡುಗಿ ಒಬ್ಬಳು, ಬಂದವಳು ಇನ್ನೊಬ್ಬಳು. ಹೋದವಳು ಮಾತು ಕಡಿಮೆ, ಹಿರಿಯರೆದುರು ತಲೆ ತಗ್ಗಿಸುವವಳು. ಬಂದವಳು ಮಧ್ಯಾಹ್ನಕ್ಕೇ ಸೋತು, ಪರದೆ ಎಳೆದು ಮಲಗುವವಳು; ಚಮಚ ಕೆಳಗೆ ಬಿದ್ದ ಸದ್ದಿಗೂ ತಲೆ ಹಿಡಿದುಕೊಳ್ಳುವವಳು; ಹಿಡಿದ ಕೆಲಸವನ್ನು ಅರ್ಧಕ್ಕೇ ಮರೆಯುವವಳು. ಒಲೆಯ ಮೇಲೆ ಪಾತ್ರೆ ಇಟ್ಟು ಕಿಟಕಿಯಲ್ಲಿ ಹಕ್ಕಿ ನೋಡುತ್ತಾ ನಿಲ್ಲುತ್ತಾಳೆ, ಪಾತ್ರೆ ಕರಕಲಾಗುತ್ತದೆ. ಮೂಗಿಗೆ ವಾಸನೆಯೂ ತಿಳಿಯದು, ಅದೂ ಆ ಪೆಟ್ಟಿಗೇ ಹೋಯಿತು. ಅವಳಿಗೆ ಗದ್ದಲ ಆಗದೆಂದು ಗಸ್ ಮರ ಕೊಯ್ಯುವ ಯಂತ್ರವನ್ನು ಮುಟ್ಟಲಿಲ್ಲ. ಚರ್ಚಿನ ಗಂಟೆ ಬಾರಿಸುವ ಹ್ಯೂಬರ್ಟ್ ಮಾಮ ಗಂಟೆಯ ನಾಲಿಗೆಗೆ ಉಣ್ಣೆಯ ಕಾಲುಚೀಲ ಸುತ್ತಿದರು. ಆ ಭಾನುವಾರ ದೇವರಿಗೆ ಕೇಳಿಸಿತೆಂದೇ ನನ್ನ ನಂಬಿಕೆ, ಫಾದರ್‌ಗೆ ಮಾತ್ರ ಕೇಳಿಸದೆ ಪೂಜೆ ತಡವಾಯಿತು.

ಇನ್ನು ಅವಳ ಬಾಯಿ. ಹಣೆಯ ಹಿಂದೆ ಬಾಗಿಲು ಕಾಯುವ ಒಬ್ಬ ಆಳು ಇರುತ್ತಾನಂತೆ. ಯಾವ ಮಾತು ಹೊರಗೆ ಹೋಗಬೇಕು, ಯಾವುದು ಒಳಗೇ ಇರಬೇಕು ಎಂದು ನೋಡುವವನು ಅವನೇ, ಅವನಿಗೇ ಪೆಟ್ಟು ಬಿದ್ದಿದೆ ಎಂದು ಡಾಕ್ಟರು ನಮಗೆ ತಿಳಿಯುವ ಹಾಗೆ ಹೇಳಿದರು. ತಾವು ಆ ಆಳನ್ನು ಕೆಲಸದಿಂದ ಬಿಡಿಸಿದ್ದರಿಂದ ನಮ್ಮೂರಿಗೆ ಆದ ಉಪಕಾರ ಅಷ್ಟಿಷ್ಟಲ್ಲ. ಚರ್ಚಿನಲ್ಲಿ ಫಾದರ್ ಪ್ರಸಂಗ ಮಾಡುತ್ತಿದ್ದಾಗ ನಡುವೆ ಎದ್ದು, "ಫಾದರ್, ಇದನ್ನ ಹೋದ ವಾರಾನೇ ಹೇಳಿದ್ರಿ," ಎಂದಳು. ಹಿಂದಿನ ಬೆಂಚಿನಲ್ಲಿ ಯಾರೋ ಆಮೆನ್ ಎಂದರು. ಪಕ್ಕದ ಮನೆಯ ಕ್ವೀನಿ ಚಿಕ್ಕಮ್ಮ ಒಣದ್ರಾಕ್ಷಿ ಕೇಕು ತಂದರೆ, "ಚಿಕ್ಕಮ್ಮ, ವಾಸನೆ ಗೊತ್ತಾಗದಿದ್ರೂ ಇದು ನಿಮ್ಮದೇ ಅಂತ ಗೊತ್ತಾಯ್ತು, ಹಲ್ಲಿಗೆ," ಎಂದಳು. ನಾನು ನೆಲ ಬಾಯಿ ಬಿಡಲೆಂದು ಕಾದೆ. ಚಿಕ್ಕಮ್ಮ ಕೇಕನ್ನು ತಿರುಗಿಸಿ ನೋಡಿ, "ಇಷ್ಟು ವರ್ಷ ನೀವೆಲ್ಲ ಸುಳ್ಳು ಹೇಳ್ತಾ ತಿಂದ್ರಲ್ಲೇ ಬರ್ನಡೆಟ್, ನಿಮಗಿಂತ ಈ ಮಗು ವಾಸಿ," ಎಂದು ನನ್ನ ಮೇಲೆಯೇ ತಿರುಗಿದರು.

ನಮ್ಮೂರಿನ ಪ್ರೀತಿಯನ್ನೂ ತಾವು ಅರಿಯಬೇಕು. ಯಾರ ಮನೆಯಲ್ಲಿ ಕಷ್ಟವಾದರೂ ಊರೆಲ್ಲ ಅಡುಗೆ ಹೊತ್ತು ತರುವುದು ಇಲ್ಲಿಯ ಪದ್ಧತಿ. ಕಷ್ಟದ ಕಾಲಕ್ಕೆಂದು ಎಲ್ಲರ ಮನೆಯಲ್ಲೂ ಇರುವುದು ಒಂದೇ: ತಮ್ಮ ಬಂಧುಬಳಗ. ಬಾಟಲಿಯಲ್ಲಿ ಹಾಕಿಟ್ಟ ಮೂಸ್, ಮೂಸ್ ಸೂಪು, ಮೂಸ್ ಕೈಮ. ಮೂಸಿನಿಂದ ಪೆಟ್ಟು ತಿಂದವಳಿಗೆ ಮೂಸನ್ನೇ ಉಣಿಸುವುದು ಸರಿಯೇ ಎಂದು ಯಾರಿಗೂ ಹೊಳೆಯಲಿಲ್ಲ. ಮಾರ್ಸೀ ಮಾತ್ರ ತಟ್ಟೆ ನೋಡಿ, "ಅದರ ನೆಂಟರು ಇನ್ನೂ ಎಷ್ಟು ಜನ ಕ್ಷಮೆ ಕೇಳೋಕೆ ಬರೋದಿದೆ?" ಎಂದಳು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಮೀನು ಕಾರ್ಖಾನೆಯ ಕೆಲಸಕ್ಕೆ ಮರಳಲೇಬೇಕಿತ್ತು, ಗಸ್ ದೋಣಿಗೆ. ಹಗಲು ಕೆಲವು ಗಂಟೆ ಮಾರ್ಸೀ ಮನೆಯಲ್ಲಿ ಒಬ್ಬಳೇ ಇರಬಲ್ಲಳೇ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಇರಬಲ್ಲಳಾದರೆ ಮನೆ, ಅರ್ಧ ದಿನ ಶಾಲೆ. ಇಲ್ಲವಾದರೆ ಪಟ್ಟಣದ ಆರೈಕೆಯ ಮನೆ. ಅಲ್ಲಿಂದ ಯಾವಾಗ ಬಿಡುತ್ತಾರೆಂದು ಹೇಳುವವರಿಲ್ಲ. ಆ ಮನೆಯನ್ನು ಒಮ್ಮೆ ನೋಡಿ ಬಂದಿದ್ದೆವು. ಚೊಕ್ಕಟವಾಗಿತ್ತು, ಒಳ್ಳೆಯ ಜನ. ಗಾಡಿಯಲ್ಲಿ ಹಿಂತಿರುಗುವಾಗ ಮಾರ್ಸೀ, "ಅಲ್ಲಿ ಕಿಟಕಿ ತೆಗೆಯೋಕೆ ಬರಲ್ಲ ಅಮ್ಮ," ಎಂದಳು. ಅವಳ ಹಣೆಯ ಹಿಂದಿನ ಆಳು ಹೋದ ಮೇಲೆ ಅವಳು ಅಷ್ಟು ಮೆಲ್ಲಗೆ ಆಡಿದ ಮಾತು ಅದೊಂದೇ.

ಪರೀಕ್ಷೆ ಮಾಡಲು ಥೆರಪಿಸ್ಟ್ ಮಿಸ್ ವೋಸ್ ಪಟ್ಟಣದಿಂದ ಬಂದರು. ಸಮುದ್ರದಾಚೆಯ ದೊಡ್ಡ ನಗರದಲ್ಲಿ ಹುಟ್ಟಿ ಬೆಳೆದವರು, ಪಾಪ, ಬಾಗಿಲು ಬಡಿದರು. ನಮ್ಮೂರಲ್ಲಿ ಬಾಗಿಲು ಬಡಿಯುವವರು ಪೊಲೀಸರು ಮಾತ್ರ, ಉಳಿದವರು ಸೀದಾ ಒಳಗೆ ಬರುತ್ತಾರೆ. ಹಾಗಾಗಿ ಗಸ್ ಗಾಬರಿಯಿಂದ ಶರಟು ಹಾಕಿಕೊಂಡ. ಪರೀಕ್ಷೆ ಸರಳ: ಮಾರ್ಸೀ ಒಬ್ಬಳೇ ಮೊಟ್ಟೆ ಹುರಿದು, ಟೀ ಮಾಡಿ, ಒಲೆ ಆರಿಸಿ, ಕುಳಿತು ತಿನ್ನಬೇಕು. ಯಾರೂ ನೆರವಾಗಬಾರದು. ಮಿಸ್ ವೋಸ್ ಮೂಲೆಯ ಕುರ್ಚಿಯಲ್ಲಿ ಮಾತಾಡದೆ ಕುಳಿತರು.

ಮೊದಲು ಹ್ಯೂಬರ್ಟ್ ಮಾಮ ಒಳಗೆ ಬಂದು, "ಈ ಕಡೆ ಹೋಗ್ತಾ ಇದ್ದೆ," ಎಂದು ಬೆಣ್ಣೆಯನ್ನು ಅವಳ ಕೈಗೆಟಕುವಲ್ಲಿಟ್ಟು ಹೋದರು. ಕ್ವೀನಿ ಚಿಕ್ಕಮ್ಮ ಸಕ್ಕರೆ ಕೇಳಲು ಬಂದು, ಹೊರಡುವಾಗ ಅಕಸ್ಮಾತ್ತಾಗಿ ತಗುಲಿದವರಂತೆ ಸೊಂಟದಿಂದಲೇ ಒಲೆಯ ಗುಂಡಿ ತಿರುಗಿಸಿ ಆರಿಸಿದರು. ಹಿತ್ತಲ ಬಾಗಿಲಿನಿಂದ ಚರ್ಚಿನ ಗಾಯನ ತಂಡದ ಅರ್ಧ ಜನ ಬಂದರು. ನಾನಾದರೋ ನಿಯಮ ಮೀರಲಿಲ್ಲ. ಉಗ್ರಾಣದ ಬಾಗಿಲ ಹಿಂದೆ ನಿಂತು ಜಪಮಾಲೆ ಹೇಳುತ್ತಿದ್ದೆ, ಅಷ್ಟೆ. ಅದು ಸ್ವಲ್ಪ ಗಟ್ಟಿಯಾಗಿತ್ತು, ನಿಜ. "ನಮೋ ಮರಿಯಾ, ವರಪ್ರಸಾದ ಪೂರ್ಣಳೇ, ನೀರು ಕುದೀತಾ ಇದೆ, ಪ್ರಭು ನಿಮ್ಮೊಡನೆ ಇದ್ದಾರೆ, ಉಪ್ಪು ಎಡಗಡೆ ಇದೆ." ದೇವಮಾತೆಯೂ ಒಬ್ಬ ತಾಯಿ, ಆಕೆ ತಪ್ಪು ತಿಳಿದಿರಲಾರಳು.

ಮಾರ್ಸೀ ಕೈಯಲ್ಲಿದ್ದ ಚಮಚ ಮೇಜಿನ ಮೇಲಿಟ್ಟು, "ತಲೆಗೆ ಪೆಟ್ಟು ಬಿದ್ದಿದ್ದು ನನಗೆ. ನಿಮಗೆಲ್ಲ ಏನಾಗಿದೆ?" ಎಂದಳು.

ಮಿಸ್ ವೋಸ್ ಎದ್ದು, "ಊರು ಪಾಸಾಗಿದೆ ಮಿಸೆಸ್ ಕರೀನ್. ಹುಡುಗಿಯನ್ನ ನಾನಿನ್ನೂ ನೋಡೇ ಇಲ್ಲ," ಎಂದು ಎರಡು ವಾರ ಬಿಟ್ಟು ಬರುವುದಾಗಿ ಹೇಳಿದರು. ಅದೇ ಕೊನೆಯ ಅವಕಾಶ. ಬಾಗಿಲಿಗೆ ಬೀಗ ಹಾಕಿರಬೇಕು. ನಮ್ಮ ಮನೆ ಕಟ್ಟಿದ ಲಾಗಾಯ್ತು ಅದಕ್ಕೆ ಬೀಗವೇ ಇಲ್ಲ. ಗಸ್ ದೋಣಿಯಿಂದ ಚಿಲಕ ಕಿತ್ತು ತಂದು ಬಾಗಿಲಿಗೆ ಹೊಡೆದ. ಊರವರೆಲ್ಲ ಚರ್ಚಿನ ಹಾಲ್‌ನಲ್ಲೇ ಇರಬೇಕು, ನಾನೂ, ಎಂದು ಮಾರ್ಸೀಯೇ ಅಪ್ಪಣೆ ಮಾಡಿದಳು. "ಜಪಮಾಲೇನ ಅಲ್ಲಿ ಹೇಳು. ದೇವರಿಗೆ ಮಾತ್ರ ಹೇಳು," ಎಂದಳು.

ಮೊನ್ನೆ ಅದೇ ದಿನ ಬಂತು. ನಾನು ಹಾಲ್‌ನಲ್ಲಿ ಕುಳಿತು, ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋಣಿಯವರನ್ನು ಬೇಡುತ್ತಿದ್ದೆ. ನನ್ನ ಹುಡುಗಿಯನ್ನು ಇದ್ದ ಹಾಗೆಯೇ ಹುಡುಕಿಕೊಡು ಎಂದು ವರ್ಷವಿಡೀ ಕೇಳಿದವಳು, ಅಂದು ಮೊದಲ ಸಲ ಈಗ ಇರುವವಳನ್ನೇ ನಮ್ಮ ಮನೆಯಲ್ಲಿ ಉಳಿಸಿಕೊಡು ಎಂದು ಕೇಳಿದೆ. ನಾನು ಕರೆದದ್ದು ಸಂತರನ್ನು. ಬಂದವರು ತಾವು.

ಮುಂದಿನದು ನಾನು ಕಂಡದ್ದಲ್ಲ, ಮಿಸ್ ವೋಸ್ ಹೇಳಿದ್ದು. ಬಾಣಲೆಯಲ್ಲಿ ಮೊಟ್ಟೆ ಚುರುಗುಟ್ಟುತ್ತಿತ್ತು, ಕೆಟಲಿನಲ್ಲಿ ನೀರು. ತಾವು ಕೋಸಿನ ಪಾತಿಯ ಸಾಲನ್ನು ಮುಗಿಸಿ, ಉಂಡ ಮನೆಯವರ ಯೋಗಕ್ಷೇಮ ವಿಚಾರಿಸುವಂತೆ ಅಡುಗೆಮನೆಯ ಕಿಟಕಿಗೆ ಮುಖವಿಟ್ಟಿರಿ. ಗಾಜು ತಮ್ಮ ಉಸಿರಿಗೆ ಮಂಜಾಯಿತು. ಜನ್ಮದಲ್ಲಿ ಅಷ್ಟು ದೊಡ್ಡ ಮೂಗು ನೋಡಿರದ ಮಿಸ್ ವೋಸ್ ಫ್ರಿಜ್ಜಿನ ಹಿಂದೆ ಸೇರಿಕೊಂಡರು. ಮಾರ್ಸೀ ತಮ್ಮನ್ನು ನೋಡಿದಳು. ಹರಿದ ಕಿವಿಯನ್ನು ನೋಡಿದಳು. ಅಪಘಾತದ ನೆನಪು ಅವಳಿಗೆ ಚೂರೂ ಇಲ್ಲ, ಅಪ್ಪ ಹೇಳಿದ ಕಿವಿಯ ಗುರುತು ಮಾತ್ರ ಇತ್ತು. ಅವಳು ಬಹಳ ಹೊತ್ತು ಹಾಗೇ ನಿಂತಳಂತೆ. ಮೊಟ್ಟೆ ಕರಕಲಾಗುತ್ತದೆ, ಎಲ್ಲ ಮುಗಿಯಿತು ಎಂದುಕೊಂಡರಂತೆ ಮಿಸ್ ವೋಸ್. ಆಮೇಲೆ ಅವಳು ತಿರುಗಿ ಬಂದು ಒಲೆ ಆರಿಸಿದಳು. ಬಾಣಲೆ ಪಕ್ಕಕ್ಕಿಟ್ಟಳು. ಕೆಟಲ್ ಇಳಿಸಿದಳು. ಇಷ್ಟೆಲ್ಲ ಆದ ಮೇಲೆ ಹೋಗಿ ಕಿಟಕಿ ತೆಗೆದು ತಮ್ಮ ಮುಖಕ್ಕೇ ಹೇಳಿದಳಂತೆ:

"ಏಯ್ ಕಿವಿಹರಕ, ನನ್ನ ತಲೆ ಕೆಡಿಸಿದ್ದು ಸಾಲ್ದು ಅಂತ ಕೋಸಿಗೂ ಬಂದ್ಯಾ? ನಮ್ಮಮ್ಮ ನಿನ್ನ ಹೆಸರಲ್ಲಿ ಪಾಪನಿವೇದನೆ ಮಾಡಿ ಮಾಡಿ ಫಾದರ್‌ನ ಸಾಯಿಸ್ತಾ ಇದಾಳೆ. ನಡಿ, ಹೋಗು. ರಸ್ತೆ ಮೇಲಲ್ಲ, ಆ ಕಡೆ."

ತಾವು ಆ ಕಡೆಯೇ ಹೋದಿರಿ. ಅದಕ್ಕೆ ನಾನು ಆಭಾರಿ. ಅವಳು ಕಿಟಕಿ ಮುಚ್ಚಿ, "ಮಿಸ್, ಫ್ರಿಜ್ಜಿನ ಹಿಂದೆ ಧೂಳಿದೆ, ಈಚೆ ಬನ್ನಿ. ಟೀಗೆ ಹಾಲು ಹಾಕ್ಲಾ?" ಎಂದಳಂತೆ.

ಮಿಸ್ ವೋಸ್ ಹಾಲ್‌ನ ಬಾಗಿಲನ್ನು ಬಡಿಯಲಿಲ್ಲ, ಸೀದಾ ಒಳಗೆ ಬಂದರು. ಕೂದಲಲ್ಲಿ ಜೇಡರ ಬಲೆ ಇತ್ತು. "ಮೊದಲು ಒಲೆ ಆರಿಸಿದಳು," ಎಂದರು. ನನಗೆ ಅರ್ಥವಾಗಲಿಲ್ಲವೆಂದು ಇನ್ನೊಮ್ಮೆ ಹೇಳಿದರು: "ಮಿಸೆಸ್ ಕರೀನ್, ನಾನು ಒಲೆ ಮರೆತಿದ್ದೆ. ಅವಳು ಮರೀಲಿಲ್ಲ. ಅವಳು ಮನೇಲೇ ಇರ್ತಾಳೆ." ಹ್ಯೂಬರ್ಟ್ ಮಾಮ ಹೋಗಿ ಗಂಟೆಯ ನಾಲಿಗೆಯ ಕಾಲುಚೀಲವನ್ನು ಬಿಚ್ಚದೆಯೇ ಗಂಟೆ ಬಾರಿಸಿದರು.

ಮಾನ್ಯರೇ, ತಮ್ಮ ಮೇಲಿನ ನನ್ನ ನಿಜವಾದ ದೂರು ಇದೇ. ಗಾಡಿ ಹೋಯಿತು, ಅದನ್ನು ಸಹಿಸಿದೆ. ಕೋಸು ಹೋಯಿತು, ಸಹಿಸಿದೆ. ಆದರೆ ತಮಗೆ ಕೃತಜ್ಞಳಾಗಿರಬೇಕಾದ ಪರಿಸ್ಥಿತಿಗೆ ನನ್ನನ್ನು ತಂದಿದ್ದನ್ನು ಸಹಿಸುವುದು ಕಷ್ಟ. ಫಾದರ್‌ಗೆ ಹೇಳಿದರೆ, "ಹಾಗಾದ್ರೆ ಕ್ಷಮಿಸಿಬಿಡಮ್ಮ," ಎನ್ನುತ್ತಾರೆ. ಪ್ರತಿ ಶಿಶಿರದಲ್ಲೂ ತಾವು ಕೊಂಬು ಉದುರಿಸಿ ಬೇಸಿಗೆಗೆ ಹೊಸದು ಬೆಳೆಸಿಕೊಳ್ಳುತ್ತೀರಿ. ನನ್ನ ಮಗಳ ತಲೆಯೊಳಗೆ ಹೋದದ್ದು ಎಷ್ಟು ಬೆಳೆಯುತ್ತದೆ, ಎಷ್ಟು ಬೆಳೆಯುವುದಿಲ್ಲ ಎಂದು ಡಾಕ್ಟರೂ ಹೇಳಲಾರರು. ಅದು ತಿಳಿಯುವವರೆಗೂ ಕ್ಷಮೆಯನ್ನು ಕಂತಿನಲ್ಲಿ ಕೊಡಲು ಅನುಮತಿ ಬೇಡುತ್ತೇನೆ. ಮೊದಲ ಕಂತಾಗಿ ಉಳಿದ ಕೋಸುಗಳಲ್ಲಿ ಬೇಲಿಯ ಪಕ್ಕದ ಒಂದನ್ನು ಸ್ವೀಕರಿಸಬೇಕು.

ತಮ್ಮಲ್ಲಿ ಕೆಲವು ಕೋರಿಕೆಗಳೂ ಇವೆ. ಕತ್ತಲಾದ ಮೇಲೆ ರಸ್ತೆಗೆ ಬರುವುದಾದರೆ ಕೊರಳಿಗೊಂದು ಲಾಂದ್ರ ಕಟ್ಟಿಕೊಂಡು ಬರಬೇಕು. ಯೋಚನೆಗಳಿದ್ದರೆ ಜೌಗಿನಲ್ಲೇ ಮುಗಿಸಿ ಬರಬೇಕು. ಮಗಳ ಹಣೆಯ ಹಿಂದಿನ ಆ ಆಳು ದಾರಿಯಲ್ಲೆಲ್ಲಾದರೂ ಸಿಕ್ಕಿದರೆ ಮನೆಗೆ ಕಳಿಸಿಕೊಡಬೇಕು. ಆದರೆ ಪೂರ್ತಿ ಹೊತ್ತಿನ ಕೆಲಸಕ್ಕೆ ಬೇಡ. ಭಾನುವಾರ ಪೂಜೆಯ ಹೊತ್ತಿಗೆ ಬಂದರೆ ಸಾಕು. ಉಳಿದ ದಿನ ಅವಳು ಹೀಗೇ ಇರಲಿ. ಕ್ವೀನಿ ಚಿಕ್ಕಮ್ಮ ಕೇಕಿಗೆ ಈಗ ಬೆಣ್ಣೆ ಜಾಸ್ತಿ ಹಾಕುತ್ತಿದ್ದಾರೆ. ಬರುವಾಗ ಬಾಗಿಲನ್ನೂ ಬಡಿಯುತ್ತಾರೆ. ಬಡಿದು, ಉತ್ತರಕ್ಕೆ ಕಾಯದೆ ಒಳಗೆ ಬರುತ್ತಾರೆ. ಚೇತರಿಕೆ ನಿಧಾನ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ತಮ್ಮ ದೀರ್ಘಾಯುಷ್ಯವನ್ನು, ರಸ್ತೆಯಿಂದ ತಮ್ಮ ದೀರ್ಘ ದೂರವನ್ನು ಏಕಕಾಲಕ್ಕೆ ಹಾರೈಸುವ,

ತಮ್ಮ ವಿಶ್ವಾಸಿ,
ಬರ್ನಡೆಟ್ ಕರೀನ್
(ಮಾರ್ಸೀಯ ತಾಯಿ)

ಮರೆತ ಮಾತು: ಈ ವರ್ಷದ ಮೂಸ್ ಬೇಟೆಯ ಪರವಾನಗಿಗೆ ಚೀಟಿ ಎತ್ತಿದಾಗ ಗಸ್‌ನ ಹೆಸರು ಬಂದಿದೆ. ತಾವು ಗಾಬರಿಯಾಗಬೇಕಿಲ್ಲ, ತಮ್ಮ ಬಂಧುಗಳಿಂದಲೇ ನಮ್ಮ ಫ್ರೀಜರ್ ಭರ್ತಿಯಾಗಿದೆ, ಇನ್ನೊಬ್ಬರಿಗೆ ಜಾಗವಿಲ್ಲ. ಆದರೆ ಮಾರ್ಸೀಗೆ ಈಚೆಗೆ ಹಸಿವು ಚೆನ್ನಾಗಿ ಹತ್ತುತ್ತಿದೆ ಎಂಬ ಸಂತೋಷದ ಸುದ್ದಿಯನ್ನು ತಿಳಿಸದೆ ಈ ಪತ್ರ ಮುಗಿಸಲು ಮನಸ್ಸು ಬರಲಿಲ್ಲ.